ದೀಪ ಹಚ್ಚಿದ ಮೇಲೆ ಗುಳಿಗೆ

ನಾಸಿಕಕ್ಕೆ ಬಂದು ಗಂಟುಮೂಟೆಯನ್ನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ, ಆಗಲೇ ನನ್ನ ಮಗಳ ಮೂಗಿಗೆ ಯಾರೋ ಚಪ್ಪಲಿ ಹಿಡಿದರು. ನಮ್ಮ ಬಡಾವಣೆ ಸಾತಪುರದ ಸಂತೆಯಲ್ಲಿ ನಾನು ಮೆಂತ್ಯದ ಕಟ್ಟು ಆರಿಸುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ಶೋಭಾ ಸದ್ದಿಲ್ಲದೆ ಕುಸಿದಳು. ಕೈಕಾಲು ಸೆಟೆದು ಅದುರತೊಡಗಿದವು. ಅವಳನ್ನು ಮಗ್ಗುಲಿಗೆ ಹೊರಳಿಸುವಷ್ಟರಲ್ಲಿ ಸುತ್ತಲೂ ಜನ. ಒಬ್ಬ ಚಪ್ಪಲಿ ಬಿಚ್ಚಿದ, ಒಬ್ಬಳು ಈರುಳ್ಳಿ ಜಜ್ಜಿದಳು, ಒಬ್ಬ ಅವಳ ಮುಷ್ಟಿಯೊಳಗೆ ಬೀಗದ ಕೈ ತುರುಕಲು ನೋಡಿದ, ಇನ್ನೊಬ್ಬನಿಗೆ ಹಲ್ಲಿನ ನಡುವೆ ಚಮಚ ಇಡಲೇಬೇಕೆಂಬ ಹಟ. ನಾನು ಕನ್ನಡದಲ್ಲಿ ಕಿರುಚಿದೆ, ಅವರು ಮರಾಠಿಯಲ್ಲಿ ನನಗೆ ಸಮಾಧಾನ ಹೇಳಿದರು. ನಮ್ಮೂರು ಭಾಲ್ಕಿಯಲ್ಲಾಗಿದ್ದರೂ ಚಪ್ಪಲಿಯನ್ನೇ ಹಿಡಿಯುತ್ತಿದ್ದರು, ನಿಜ. ಆದರೆ ಅಲ್ಲಿ ಅದು ಯಾರ ಚಪ್ಪಲಿ ಎಂದಾದರೂ ಗೊತ್ತಿರುತ್ತಿತ್ತು.

ನಮ್ಮವರು ಶರಣಪ್ಪ, ಫಿಟ್ಟರ್ ಕೆಲಸದವರು. ಭಾಲ್ಕಿಯಿಂದ ಮೊದಲು ಔರಂಗಾಬಾದಿಗೆ ಬಂದೆವು, ಅಲ್ಲಿಂದ ಕಾರ್ಖಾನೆ ಬದಲಾಗಿ ನಾಸಿಕಕ್ಕೆ. ಔರಂಗಾಬಾದಿಗೆ ಈಗ ಬೇರೆ ಹೆಸರಿದೆ, ನನ್ನ ನಾಲಿಗೆಗೆ ಮಾತ್ರ ಆಗಿನದೇ ಬರುತ್ತದೆ. ಅದು ನಮಗೆ ಪರಊರು ಅನ್ನಿಸಿರಲೇ ಇಲ್ಲ. ಒಂದು ಕಾಲಕ್ಕೆ ಅದೂ ನಮ್ಮ ಬೀದರ ಜಿಲ್ಲೆಯೂ ನಿಜಾಮನ ಕೈಕೆಳಗೆ ಇದ್ದವು. ಅಂಗಡಿಯ ಮೇಲಿನ ಉರ್ದು ಫಲಕ, ಟಾಂಗಾದವನ ದಖನಿ ಉರ್ದು ಮಾತು, ಎಲ್ಲ ನಮ್ಮ ಕಡೆಯಂತೆಯೇ. ನಮ್ಮ ಅತ್ತೆ ಅಲ್ಲಿ ಒಬ್ಬರೇ ಹೋಗಿ ಚೌಕಾಶಿ ಮಾಡಿ ಬಳೆ ಇಟ್ಟುಕೊಂಡು ಬರುತ್ತಿದ್ದರು. ನಾಸಿಕದಲ್ಲಿ ಅದೇ ಅತ್ತೆ ಬಾಗಿಲ ಹೊರಗೆ ಕಾಲಿಡಲು ನನ್ನ ಸೆರಗು ಹಿಡಿಯಬೇಕಾಯಿತು. ಇಲ್ಲಿಯ ಚಳಿ ಬೇರೆ, ಮಳೆ ಬೇರೆ, ಜೋಳದ ರೊಟ್ಟಿಯ ಬದಲು ಬಾಜರಿಯದು, ಅಂದರೆ ಸಜ್ಜೆಯದು. ಶಾಲೆಯಲ್ಲಿ ‘ಆಯಿಯನ್ನು ಕರೆದುಕೊಂಡು ಬಾ’ ಅಂದರೆ ಶೋಭಾ ಅಜ್ಜಿಯನ್ನು ಕರೆದುಕೊಂಡು ಹೋದಳು. ನಮ್ಮಲ್ಲಿ ಆಯಿ ಅಂದರೆ ಅಜ್ಜಿ, ಇವರಲ್ಲಿ ತಾಯಿ. ಟೀಚರು ನಮ್ಮ ಅತ್ತೆಯನ್ನು ನೋಡಿ ಈ ವಯಸ್ಸಿನಲ್ಲಿ ಇಷ್ಟು ಚಿಕ್ಕ ಮಗಳೇ ಎಂದು ಬೆರಗಾದರಂತೆ.

ಶೋಭಾಗೆ ಫಿಟ್ಸ್ ಶುರುವಾದದ್ದು ಔರಂಗಾಬಾದಿನಲ್ಲಿ. ಅಲ್ಲಿಯ ಮಕ್ಕಳ ಡಾಕ್ಟರು ದಖನಿ ಮಾತಾಡುವ ಹಿರಿಯರು. ದಿನಕ್ಕೊಂದು ಬಿಳಿ ಗುಳಿಗೆ ಬರೆದುಕೊಟ್ಟು, ವರ್ಷಗಟ್ಟಲೆ ಕೊಡಬೇಕಾದೀತು, ಮಗು ಚೆನ್ನಾಗಿದೆ ಎಂದು ನೀವಾಗಿ ನಿಲ್ಲಿಸಬೇಡಿ ಎಂದು ಬೆರಳೆತ್ತಿ ಹೇಳಿದ್ದರು. ರಾತ್ರಿ ಊಟದ ನಂತರ ಎಂದು ಚೀಟಿಯಲ್ಲಿ ಬರೆದಿದ್ದರು. ಹಾಗೆಯೇ ಕೊಟ್ಟೆವು. ಫಿಟ್ಸ್ ನಿಂತಂತೆಯೇ ಇತ್ತು. ವರ್ಗಾವಣೆಯ ಗಡಿಬಿಡಿಯಲ್ಲಿ ಶೀಶೆ ಯಾವ ಟ್ರಂಕಿನಲ್ಲಿ ಸೇರಿತೋ ಸಿಗದೆ ಹೋದಾಗಲೇ ಸಂತೆಯ ಆ ಪ್ರಸಂಗ ನಡೆದದ್ದು. ಅಂದೇ ಅತ್ತೆ ಶೀಶೆಯನ್ನು ಹುಡುಕಿ ತೆಗೆದು, ಶೋಭಾಳ ಪುಟ್ಟ ತಮ್ಮನ ಕೈಗೆ ಸಿಗದಂತೆ ದೇವರ ಗೂಡಿನ ಮೇಲಿನ ಹಲಗೆಯಲ್ಲಿಟ್ಟು, ಇನ್ನು ಗುಳಿಗೆಯ ಕೆಲಸ ತಮ್ಮದು ಎಂದು ಸಾರಿದರು. ಸಂಜೆ ನಲ್ಲಿಯ ಸರದಿ, ಅಡಿಗೆ, ಚಿಕ್ಕವನ ಅಳು, ಇವುಗಳ ನಡುವೆ ನನಗೂ ಒಂದು ಕೆಲಸ ಕಡಿಮೆಯಾದರೆ ಸಾಕಾಗಿತ್ತು.

ನಮ್ಮ ಚಾಳಿನಲ್ಲಿ, ಅಂದರೆ ಒಂದೇ ಉದ್ದ ಪಡಸಾಲೆಗೆ ಕೋಣೆಗಳು ಸಾಲಾಗಿರುವ ಮನೆಯಲ್ಲಿ, ಎಡಗಡೆ ಇದ್ದವರು ಕಾಕೂ. ಕಾಕೂ ಎಂದರೆ ಚಿಕ್ಕಮ್ಮ. ಚಾಳಿಗೆಲ್ಲ ಅವರು ಚಿಕ್ಕಮ್ಮನೇ. ಒಳ್ಳೆಯ ಹೆಂಗಸು, ಆದರೆ ಉಪವಾಸದಲ್ಲಿ ಅವರನ್ನು ಮೀರಿಸುವವರಿಲ್ಲ. ಸೋಮವಾರ, ಗುರುವಾರ, ಚತುರ್ಥಿ, ಏಕಾದಶಿ. ಉಪವಾಸ ಎಂದು ನಾವು ಮರುಗಿದರೆ ಅವರ ಮನೆಯಿಂದ ಸಾಬುದಾಣಿ ಖಿಚಡಿ, ಗೆಣಸು, ಶೇಂಗಾದ ಉಂಡೆಗಳ ಘಮ ಬರುತ್ತಿತ್ತು. ಅದು ಊಟವಲ್ಲವಂತೆ, ಫರಾಳವಂತೆ. ಫರಾಳ ಎಷ್ಟು ತಿಂದರೂ ಉಪವಾಸ ಕೆಡುವುದಿಲ್ಲ. ನಮ್ಮ ಭಾಲ್ಕಿಯಲ್ಲಿ ಶ್ರಾವಣ ಸೋಮವಾರವೆಂದರೆ ಒಪ್ಪತ್ತು. ಹಗಲೆಲ್ಲ ಏನೂ ಇಲ್ಲ, ರಾತ್ರಿ ಪೂಜೆಯಾದ ಮೇಲೆ ಹೊಟ್ಟೆ ತುಂಬ ಊಟ. ಅಲ್ಲಿಗೆ ಕಥೆ ಮುಗಿಯಿತು.

ಅತ್ತೆಗೆ ಹೊಸ ಊರಿನಲ್ಲಿ ಸೋಲುವ ಮನಸ್ಸಿರಲಿಲ್ಲ. ಕಾಕೂ ಸೋಮವಾರದ ಉಪವಾಸವನ್ನು ಸೂರ್ಯ ಮುಳುಗುವ ಮುಂಚೆಯೇ ಊಟ ಮಾಡಿ ಮುಗಿಸುತ್ತಿದ್ದರು. ಅದನ್ನು ನೋಡಿದ ಅತ್ತೆ, ಅವರ ಫರಾಳವನ್ನೂ ಇಟ್ಟುಕೊಂಡು, ನಮ್ಮ ರಾತ್ರಿಯ ಊಟವನ್ನೂ ಕಿತ್ತು ಹಾಕಿ, ಮಂಗಳವಾರ ಬೆಳಿಗ್ಗೆಯವರೆಗೆ ಅನ್ನ ಮುಟ್ಟದ ಮೂರನೆಯ ಉಪವಾಸವೊಂದನ್ನು ತಾವೇ ಹುಟ್ಟಿಸಿದರು. ಭಾಲ್ಕಿಯಲ್ಲೂ ಇಲ್ಲ, ನಾಸಿಕದಲ್ಲೂ ಇಲ್ಲ, ಅದು ನಮ್ಮ ಒಂದು ಕೋಣೆಯಲ್ಲಿ ಮಾತ್ರ. ಸಾಲದ್ದಕ್ಕೆ, ಶೋಭಾಳ ಫಿಟ್ಸ್ ಪೂರ್ತಿ ಹೋಗಲಿ ಎಂದು ಅವಳನ್ನೂ ಆ ವ್ರತಕ್ಕೆ ಸೇರಿಸಿದರು. ಏಳು ವರ್ಷದ ಮಗುವಿಗೆ ಉಪವಾಸ ಬೇಡವೆಂದು ನಾನು ಜಗಳವಾಡಿದೆ. ಖಿಚಡಿಯ ಆಸೆಗೆ ಶೋಭಾ ಅಜ್ಜಿಯ ಕಡೆ ಸೇರಿದಳು. ನಮ್ಮವರನ್ನು ಕೇಳಿದರೆ, ಅವರು ಅವ್ವನ ಮುಖ ನೋಡಿದರು, ನನ್ನ ಮುಖ ನೋಡಿದರು, ಪಾಳಿಗೆ ಹೊತ್ತಾಯಿತೆಂದು ಸೈಕಲ್ ಹತ್ತಿದರು.

ಶ್ರಾವಣದ ಎರಡನೆಯ ವಾರ, ಮಂಗಳವಾರ ಬೆಳಿಗ್ಗೆ, ಶೋಭಾ ಪಡಸಾಲೆಯಲ್ಲಿ ಬಿದ್ದಳು. ಮರುದಿನ ಶಾಲೆಯಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ. ಎಬ್ಬಿಸಿದರೂ ತೂರಾಡುತ್ತಿದ್ದಳೆಂದು ಟೀಚರ ದೂರು. ಮುಂದಿನ ವಾರ ಮತ್ತೆ ಮಂಗಳವಾರವೇ, ಮತ್ತೆ ಬುಧವಾರ ನಿದ್ದೆ. ಮಂಗಳವಾರ ದೇವಿಯ ವಾರ ಎಂದು ಕಾಕೂ ಗಲ್ಲಕ್ಕೆ ಕೈ ಹಚ್ಚಿದರು. ಗುಳಿಗೆಯಿಂದ ಆಗುವಂಥದ್ದಲ್ಲ ಇದು, ಗಡಕ್ಕೆ, ಅಂದರೆ ದೇವಿಯ ಬೆಟ್ಟಕ್ಕೆ, ಹೋಗಿ ದೇವಿಗೆ ಸೀರೆ ಉಡಿಸಬೇಕು ಅಂದರು. ಚಾಳಿನ ಹೆಂಗಸರೆಲ್ಲ ತಲೆಯಾಡಿಸಿದರು. ಅತ್ತೆ ವ್ರತವನ್ನು ಇನ್ನಷ್ಟು ಬಿಗಿ ಮಾಡುತ್ತೇನೆಂದು ಹೊರಟರು, ಇನ್ನು ಖಿಚಡಿಯೂ ಇಲ್ಲವಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದ ಹಾಗೆ. ನನಗೆ ತಲೆ ಕೆಟ್ಟು ಹೋಯಿತು. ಇವಳು ರಸ್ತೆಯಲ್ಲಿ ಬಿದ್ದರೆ, ಒಲೆಯ ಮುಂದೆ ಬಿದ್ದರೆ, ನೀರಿನ ತೊಟ್ಟಿಯ ಹತ್ತಿರ ಬಿದ್ದರೆ ಎಂದು ನಾನು ಅವಳ ಬೆನ್ನಿನ ಹಿಂದೆಯೇ ತಿರುಗುತ್ತಿದ್ದೆ. ಕೊನೆಗೆ ಮಗಳನ್ನೂ ಅತ್ತೆಯನ್ನೂ ಸರಕಾರಿ ಬಸ್ಸಿಗೆ ಹತ್ತಿಸಿ ಔರಂಗಾಬಾದಿಗೆ ಕರೆದುಕೊಂಡು ಹೋದೆ.

ಡಾಕ್ಟರು ನನ್ನನ್ನು ಮೊದಲು ಬೈದರು. ಗುಳಿಗೆ ತಪ್ಪಿಸಿದ್ದೀಯ ಅಂದರು. ಒಂದು ದಿನವೂ ತಪ್ಪಿಲ್ಲವೆಂದು ನಾನೂ ಎದುರಾಡಿದೆ. ಆಗ ಅವರು ಅತ್ತೆಯ ಕಡೆ ತಿರುಗಿ, ಯಾವಾಗ ಕೊಡುತ್ತೀರಮ್ಮ ಎಂದು ಮೆಲ್ಲಗೆ ಕೇಳಿದರು. ತಮ್ಮ ದಖನಿ ಮಾತನ್ನು ಕೇಳುವ ಮನುಷ್ಯ ಬಹಳ ದಿನಕ್ಕೆ ಸಿಕ್ಕಿದ್ದರಿಂದ ಅತ್ತೆಗೆ ಖುಷಿಯಾಗಿತ್ತು. ಅವರಂದದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

“ನೀವು ಹೇಳಿದಂಗೇ ಕೊಡ್ತೀನ್ರಿ. ಊಟ ಆದ ಮ್ಯಾಲ. ಸೋಮವಾರ ಊಟಾನೇ ಇಲ್ಲಲ್ರಿ, ಮತ್ತ ಗುಳಿಗಿ ಹ್ಯಾಂಗ ಕೊಡಬೇಕು? ಆದ್ರ ಅದನ್ನ ಮುಳುಗಿಸಿಲ್ಲ. ಮಂಗಳವಾರ ರಾತ್ರಿ ಎರಡೂ ಕೂಡೇ ಕೊಟ್ಟೀನಿ.”

ತಪ್ಪಿದ ಪೂಜೆಯನ್ನು ಮರುದಿನ ಎರಡು ಸಲ ಮಾಡಿ ಸರಿದೂಗಿಸುವ ಮನೆಯವರು ನಾವು. ಗುಳಿಗೆಗೂ ಅದೇ ಲೆಕ್ಕ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸೋಮವಾರ ತಪ್ಪಿದ್ದಕ್ಕೆ ಮಂಗಳವಾರ ಫಿಟ್ಸ್, ಮಂಗಳವಾರ ಎರಡು ನುಂಗಿದ್ದಕ್ಕೆ ಬುಧವಾರ ನಿದ್ದೆ. ಪಾಪ, ದೇವಿಯ ಮೇಲೆ ಸುಮ್ಮನೆ ಅಪವಾದ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಕಣ್ಣು ತಿಕ್ಕಿಕೊಂಡರು. ಈ ಗುಳಿಗೆಗೆ ಊಟ ಬೇಕಾಗಿಲ್ಲ, ಒಂದು ಗುಟುಕು ನೀರು ಸಾಕು; ಮರೆಯಬಾರದೆಂದು ಊಟಕ್ಕೆ ಜೋಡಿಸಿದ್ದೆ, ಅಷ್ಟೇ ಅಂದರು. ಆ ಮಾತನ್ನು ಮೊದಲೇ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ನನಗೆ ಅವರ ಮೇಲೂ ಸಿಟ್ಟು ಬಂತು. ಮರೆತರೆ ನೆನಪಾದ ಕೂಡಲೇ ಕೊಡಿ, ಆದರೆ ಮರುದಿನದ ಹೊತ್ತು ಬಂದುಬಿಟ್ಟಿದ್ದರೆ ಒಂದನ್ನೇ ಕೊಡಿ, ಎರಡು ಎಂದೆಂದಿಗೂ ಬೇಡ ಅಂದರು. ಮಗು ಬಿದ್ದಾಗ ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ಹಾಕಬೇಡಿ, ಉಪವಾಸವಂತೂ ಅವಳಿಗೆ ಬೇಡವೇ ಬೇಡ ಎಂದರು. ಆಮೇಲೆ ಅತ್ತೆಗೆ ಒಂದು ಪ್ರಶ್ನೆ ಹಾಕಿದರು. ಉಪವಾಸವಿರಲಿ, ಹಬ್ಬವಿರಲಿ, ಸಾವೇ ಇರಲಿ, ನಿಮ್ಮ ಮನೆಯಲ್ಲಿ ದಿನವೂ ತಪ್ಪದೆ ಆಗುವುದು ಯಾವುದು?

ಅತ್ತೆ ಯೋಚಿಸಲೇ ಇಲ್ಲ. “ಸಂಜಿಮುಂದ ದೀಪ ಹಚ್ತೀನ್ರಿ. ಅದು ನಾ ಹಚ್ಚಲಿಲ್ಲಂದ್ರ ಮಗ್ಗಲಮನಿಯವರಾದ್ರೂ ಬಂದು ಹಚ್ಚತಾರ.”

ಹಾಗಾದರೆ ದೀಪ ಹಚ್ಚಿದ ಮೇಲೆ ಗುಳಿಗೆ ಎಂದು ಡಾಕ್ಟರು ಚೀಟಿ ತಿದ್ದಿದರು.

ಅಲ್ಲಿಂದ ಮುಂದೆ ಅದು ನಮ್ಮ ಮನೆಯ ಶಾಸ್ತ್ರವೇ ಆಯಿತು. ದೀಪ, ವಿಭೂತಿ, ಗುಳಿಗೆ. ಅತ್ತೆ ದೀಪಕ್ಕೆ ಕೈ ಮುಗಿದು ತಿರುಗುವಷ್ಟರಲ್ಲಿ ಶೋಭಾ ಅಂಗೈ ಚಾಚಿ ನಿಂತಿರಬೇಕು. ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು. ಚಾಳಿಗೆಲ್ಲ ಇದು ಗೊತ್ತು. ನಾನೆಲ್ಲಾದರೂ ನಲ್ಲಿಯ ಸರದಿಯಲ್ಲಿದ್ದರೆ ಕಾಕೂ ಗೋಡೆಯಾಚೆಯಿಂದ “ಶೋಭೇ, ಗೋಳಿ ಘೇತಲೀ ಕಾ?” ಎಂದು ಕೂಗುತ್ತಿದ್ದರು, ಗುಳಿಗೆ ತಗೊಂಡೆಯಾ ಎಂದು. ಮಂಗಳವಾರಗಳು ಬಂದವು, ಹೋದವು, ಮಗಳು ಬೀಳಲಿಲ್ಲ. ಅದೆಲ್ಲ ತಾವು ದೇವಿಗೆ ಹರಕೆ ಹೊತ್ತದ್ದರ ಫಲ ಎಂದು ಕಾಕೂ ಹೇಳುತ್ತಿದ್ದರು. ನಾನು ವಾದ ಮಾಡುವುದನ್ನು ಬಿಟ್ಟುಬಿಟ್ಟೆ.

ಮರುವರ್ಷ ಮೈದುನನ ಮದುವೆಗೆ ಭಾಲ್ಕಿಗೆ ಹೋದೆವು. ನಾಸಿಕದಲ್ಲಿ ಕುಳಿತು ಯಾವ ಊರಿಗಾಗಿ ನಾನು ಹಲುಬುತ್ತಿದ್ದೆನೋ ಆ ಊರು. ಬಾಯಿ ತುಂಬ ನಮ್ಮ ಮಾತು, ಜೋಳದ ರೊಟ್ಟಿ, ಪುಂಡಿಪಲ್ಯ. ಸಂಜೆ ದೀಪ ಹಚ್ಚಿದ ಕೂಡಲೇ ಶೋಭಾ ಎಲ್ಲರ ನಡುವೆ ಅಂಗೈ ಚಾಚಿದಳು. ಅತ್ತೆಯ ಅಕ್ಕ ಆ ಕೈಯನ್ನು ಹಿಡಿದು ಕೆಳಗಿಳಿಸಿದರು. ಬೀಗರ ಮುಂದೆ ಹೆಣ್ಣುಮಗುವಿನ ರೋಗ ತೋರಿಸಬೇಡ, ನಾಳೆ ಇವಳನ್ನು ಯಾರು ಮಾಡಿಕೊಳ್ಳುತ್ತಾರೆ, ಮದುವೆ ಮುಗಿಯುವ ತನಕ ಗುಳಿಗೆ ಬಿಟ್ಟರೆ ಏನಾಗುತ್ತದೆ ಎಂದು ಪಿಸುಗುಟ್ಟಿದರು. ಚಾಳಿನ ಪರಕೀಯರು ಕೂಗಿ ಕೇಳುತ್ತಿದ್ದುದನ್ನು ಇಲ್ಲಿ ನನ್ನವರೇ ಮುಚ್ಚಿಡು ಅನ್ನುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಎದ್ದು ಶೀಶೆ ತಂದರು.

“ದೀಪ ಹಚ್ಚೀನಿ ಅಕ್ಕ. ಹಚ್ಚಿದ ಮ್ಯಾಲ ನಿಲ್ಲಸಾಕ ಬರಂಗಿಲ್ಲ.”

ಬೀಗರ ಎದುರಿಗೇ ಕೊಟ್ಟರು. ಬಾಯಿ ತೆರೆಸಿ ನೋಡಿದರು ಕೂಡ. ಆ ಮದುವೆಯಲ್ಲಿ ಆಮೇಲೆ ನಮ್ಮೊಂದಿಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಮರಾಠಿ ನಾಡಿಗೆ ಹೋಗಿ ನಾಚಿಕೆ ಬಿಟ್ಟಾರ ಎಂದು ಹಿಂದಿನಿಂದ ಅಂದದ್ದು ನನ್ನ ಕಿವಿಗೂ ಬಿತ್ತು.

ಹಿಂತಿರುಗುವಾಗ ಔರಂಗಾಬಾದಿನಲ್ಲಿ ಬಸ್ಸು ತಡವಾಗಿ ಹೊರಟಿತು. ನಾಸಿಕದ ಹತ್ತಿರದ ಸಿನ್ನರ್ ಇನ್ನೂ ಬಹಳ ದೂರವಿತ್ತು, ಆಗಲೇ ಕತ್ತಲು ಕವಿಯಿತು. ಎರಡೂ ಕಡೆ ಬಯಲು, ಒಂದು ಮನೆಯೂ ಇಲ್ಲ. ಶೋಭಾ ಅಜ್ಜಿಯ ತೊಡೆ ತಟ್ಟಿ, ದೀಪ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದಳು. ಅತ್ತೆ ಸೆರಗಿನ ಗಂಟು ಬಿಚ್ಚಿ ಶೀಶೆ ತೆಗೆದು ಕೈಯಲ್ಲಿ ಹಿಡಿದು, ಒಂದಾದರೂ ದೀಪ ಕಂಡೀತೇ ಎಂದು ಕಿಟಕಿಯಾಚೆ ಇಣುಕಿದರು. ಅಷ್ಟರಲ್ಲಿ ಡ್ರೈವರು ಬಸ್ಸಿನೊಳಗಿನ ಮಂದ ಬಲ್ಬು ಹಾಕಿದ. ಸುತ್ತಲಿನ ಜನ ರೂಢಿಯಂತೆ ಬೆಳಕಿಗೆ ಕೈ ಮುಗಿದರು, ನಮ್ಮ ಅತ್ತೆಯೂ ಮುಗಿದರು. ಮುಗಿದ ಕೈಯಿಂದಲೇ ಗುಳಿಗೆ ಕೊಟ್ಟರು. ಶೋಭಾ ಬಾಯಿ ತೆರೆದು ತೋರಿಸಿದಳು. ಎದುರಿನ ಹೆಂಗಸು ಇದನ್ನು ನೋಡಿ, ಯಾವ ಊರಿನವರು ನೀವು ಎಂದು ಕೇಳಿದಳು. ನಾನು ಅತ್ತೆಯ ಮುಖ ನೋಡಿದೆ. ನಾಸಿಕವನ್ನು ಒಂದು ದಿನವೂ ಬಯ್ಯದೆ ಬಿಡದ ಅವರು ಶೀಶೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಳ್ಳುತ್ತ, ಮನೆ ನಾಸಿಕದಲ್ಲಿದೆ ಅಂದರು. ಊರು ಯಾವುದೆಂದು ಅವಳು ಮತ್ತೆ ಕೇಳಿದಳು. ಅತ್ತೆ ನನ್ನ ಕಡೆ ತಿರುಗಿ, ನಾಳೆ ಸಂಜೆಯ ದೀಪಕ್ಕೆ ಮನೆಯಲ್ಲಿ ಎಣ್ಣೆ ಇದೆಯೇ ಎಂದು ಕೇಳಿದರು.