ಲಾ ಕಾಲೇಜು ಹುಡುಕುತ್ತ ಕುಷ್ಟಗಿಯವರೆಗೆ

ಬಿತ್ತನೆ ಶುರುವಾಗುವ ಮಿರಗದ ಮಳೆಗೆ ಇನ್ನೊಂದು ವಾರವಿತ್ತು. ಎರಡನೆಯ ಮಹಾಯುದ್ಧದ ಮೂರನೆಯ ವರ್ಷ. ಬೆಳಿಗ್ಗೆ ಬಿಸಿಲೇರುವ ಮೊದಲೇ ಕುಕನೂರಿನಿಂದ ಬಂಡಿಯಲ್ಲಿ ಹೊರಟು ಭಾನಾಪುರದ ಸ್ಟೇಷನ್ನು ಮುಟ್ಟಿದೆ. ಆಗಷ್ಟೇ ಧಾರವಾಡದಲ್ಲಿ ಬಿ.ಎ. ಮುಗಿಸಿದ್ದೆ. ವಕೀಲನಾಗಬೇಕೆಂಬುದು ಖಾತ್ರಿಯಾಗಿತ್ತು, ಎಲ್ಲಿ ಓದಬೇಕೆಂಬುದಷ್ಟೇ ಬಾಕಿ. ಬೆಳಗಾವಿಯಲ್ಲಿ ಹೊಸ ಲಾ ಕಾಲೇಜು, ಅಲ್ಲಿ ಪಾಠ ಇಂಗ್ಲಿಷಿನಲ್ಲಿ. ಹೈದರಾಬಾದಿನಲ್ಲಿ ಪಾಠವೆಲ್ಲ ಉರ್ದು. ನಮ್ಮ ಸೀಮೆ ನಿಜಾಮರದು, ಕೋರ್ಟಿನ ಭಾಷೆಯೂ ಉರ್ದುವೇ.

ನನ್ನನ್ನು ಓದಿಸುವವರು ತಾಯಿಯ ಅಣ್ಣ. ಅರಳೆ ವ್ಯಾಪಾರದ ಮನುಷ್ಯ, ಅಳೆದು ತೂಗದೆ ಒಂದು ಹೆಜ್ಜೆ ಇಡುವವರಲ್ಲ. "ಮೂರು ಊರಿನ ವಕೀಲರನ್ನ ಕಂಡು ಬಾ. ನಾ ಅರಳಿ ಕೊಳ್ಳೂ ಮುಂದ ಮೂರು ಕಡೆ ಕೇಳತೀನಿ. ಬಂದು ಒಂದ ಕಾಲೇಜಿನ ಹೆಸರು ಹೇಳು. ಹೇಳಿದ ಮ್ಯಾಲೆ ಮನಸ ಬದಲಿ ಮಾಡಾಕ ಕೊಡೂದಿಲ್ಲ" ಎಂದಿದ್ದರು. ನಾನು ತಲೆಯಾಡಿಸಿದ್ದೆ. ನಿಜ ಹೇಳುವುದಾದರೆ, ಬೆಳಗಾವಿಯ ಅರ್ಜಿ ತುಂಬಿ ಚೀಲದಲ್ಲೇ ಇಟ್ಟುಕೊಂಡಿದ್ದೆ. ಗೆಳೆಯರೆಲ್ಲ ಅಲ್ಲಿಗೆ ಹೊರಟಿದ್ದರು, ನನಗೋ ಉರ್ದುವಿನ ಒಂದಕ್ಷರವೂ ಬರುತ್ತಿರಲಿಲ್ಲ.

ರೈಲಿಗೆ ಇಂಗ್ಲಿಷರ ಕಲದಾರ ನಾಣ್ಯವೇ ಬೇಕು, ಊರೊಳಗೆ ನಿಜಾಮರ ಹಾಲಿ ನಾಣ್ಯ ನಡೆಯುತ್ತದೆ. ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿಕೊಂಡಿದ್ದೆ. ಹತ್ತರ ಹೊತ್ತಿಗೆ ಕೊಪ್ಪಳದಲ್ಲಿ ಇಳಿದೆ. ಅಲ್ಲಿನ ವಕೀಲರು ಯಾವ ಕಾಲೇಜನ್ನೂ ಕಂಡವರಲ್ಲ. ಹಿರಿಯ ವಕೀಲರೊಬ್ಬರ ಹತ್ತಿರ ಕಾಗದ ಬರೆದು ಬರೆದು, ಸರಕಾರದ ವಕಾಲತ್ತಿನ ಪರೀಕ್ಷೆ ಪಾಸು ಮಾಡಿದ್ದರು. ಚಹ ಕೊಡಿಸಿ, "ನನ್ನಂಗ ಮಾಡಬ್ಯಾಡ್ರಿ. ಕಾಲೇಜು ಕಾಣದ ವಕೀಲನ್ನ ಕೋರ್ಟಿನ ಹಾಕಿಮರು ಅರ್ಜಿ ಬರಿಯಾವನಂಗ ನೋಡ್ತಾರ. ಹೈದರಾಬಾದಿಗೆ ಹೋಗ್ರಿ" ಎಂದರು.

ಮರುದಿನ ಗಂಗಾವತಿಗೆ ಮೋಟಾರು. ಪೆಟ್ರೋಲಿಗೆ ಬರ ಬಂದು ಅದನ್ನು ಇದ್ದಲಿನ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಏರು ಬಂದಲ್ಲೆಲ್ಲ ಗಂಡಸರು ಇಳಿದು ನಡೆಯಬೇಕು. ಮೂವತ್ತು ಮೈಲು ದಾಟುವುದರಲ್ಲಿ ಮಧ್ಯಾಹ್ನ ಹೊರಳಿತು. ಗಂಗಾವತಿಯ ವಕೀಲರು ಹೈದರಾಬಾದಿನಲ್ಲೇ ಓದಿದವರು. ಅನ್ನ ಸಾರು ಬಡಿಸಿ, ಹೊಳೆಯ ಕಡೆ ಕೈ ತೋರಿಸಿದರು. "ಆ ದಂಡಿ ಮುಟ್ಟಿದ್ರ ಮದ್ರಾಸು ಸರಕಾರ. ಅಲ್ಲಿ ನನ್ನ ಉರ್ದು ಪದವಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ. ನೀವು ಬೆಳಗಾವಿಗೆ ಹೋಗ್ರಿ." ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಇಬ್ಬರೂ ತಾವು ಹತ್ತದ ಬೆಟ್ಟವನ್ನೇ ತೋರಿಸಿದ್ದರು. ಆದರೆ ಎರಡನೆಯವರ ಮಾತು ನನಗೆ ಬೇಕಾದದ್ದು, ಅದಕ್ಕೇ ಅದು ಹೆಚ್ಚು ತೂಕದ್ದೆನಿಸಿತು.

ಮೂರನೆಯ ದಿನ ಪೂರ್ತಿ ಕುಷ್ಟಗಿಯ ದಾರಿಯಲ್ಲೇ ಕಳೆಯಿತು. ನಾಲ್ಕನೆಯ ದಿನ ರೊಟ್ಟಿ, ಪುಂಡಿಪಲ್ಯ ತಿಂದು ವಕೀಲರ ಮನೆಗೆ ಹೋದರೆ ಅವರು ರಾಯಚೂರಿಗೆ ಹೋಗಿದ್ದರು. ಬಂದದ್ದಕ್ಕೆ ಕೋರ್ಟನ್ನಾದರೂ ನೋಡೋಣವೆಂದು ಮುನಸೀಫರ ಕಚೇರಿಗೆ ನಡೆದೆ. ಬಾಗಿಲಲ್ಲಿ ಜವಾನ ತಡೆದ. "ಬರೇ ತಲಿ ಒಳಗ ಬಿಡಂಗಿಲ್ರಿ." ಧಾರವಾಡದ ಕ್ರಾಪು ಬಿಟ್ಟುಕೊಂಡು ಮೆರೆಯುತ್ತಿದ್ದ ನನ್ನ ಹತ್ತಿರ ಟೋಪಿ ಎಲ್ಲಿಂದ ಬರಬೇಕು?

ಬೇವಿನ ಮರದ ಕೆಳಗೆ ಕೂತಿದ್ದ ಹಿರಿಯ ರೈತರೊಬ್ಬರು ಇದನ್ನು ನೋಡುತ್ತಿದ್ದರು. ಬಂದ ಕಾರಣ ಕೇಳಿ, ನಕ್ಕು, ತಮ್ಮ ತಲೆಯ ಕೆಂಪು ರುಮಾಲು ಬಿಚ್ಚಿ ನನ್ನ ತಲೆಗೆ ಸುತ್ತಿದರು.

"ಹೋಗಿ ನೋಡಿ ಬಾ ತಮ್ಮಾ. ನನ್ನ ಪಾಳಿ ಊಟದ ಹೊತ್ತು ಕಳದ ಮ್ಯಾಲೆ. ನಾಕ ಸಲದಿಂದ ಹಂಗ ಆಗೇತಿ."

"ನಿಮ್ಮದು ಎಂಥಾ ಕೇಸ್ರಿ ಯಜಮಾನ್ರ?"

"ಹೊಲದ ಬಂಡಿದಾರಿದು. ಬಾಜೂ ಹೊಲದಾವ ಮುಳ್ಳ ಬೇಲಿ ಬಡದಾನ. ಇವತ್ತ ಹುಕುಂ ಆದ್ರ ಮಿರಗದ ಬಿತ್ತಿಗಿಗೆ ಬಂಡಿ ಹೋಗತೈತಿ."

ಒಳಗೆ ಹಿಂದಿನ ಬೆಂಚಿನಲ್ಲಿ ಕೂತೆ. ಮಾತೊಂದೂ ತಿಳಿಯದಿದ್ದರೂ ನಾಳೆಯ ವಕೀಲನ ಗತ್ತಿನಲ್ಲಿ ತಲೆದೂಗುತ್ತಿದ್ದೆ. ಆ ದಿನ ಎರಡು ಕೇಸಿನ ಸಾಕ್ಷಿಗಳು ಬಂದಿರಲಿಲ್ಲ, ಅವು ಬೇಗ ಸರಿದು, ಊಟದ ನಂತರದ ಪಾಳಿ ಊಟಕ್ಕೆ ಮೊದಲೇ ಬಂತು. ಜವಾನ ಬಾಗಿಲಿಗೆ ಹೋಗಿ "ಯಮನಪ್ಪ ಹಾಜಿರ್ ಹೈ?" ಎಂದು ಮೂರು ಸಲ ಕೂಗಿದ. ಯಾರೂ ಬರಲಿಲ್ಲ. ಗುಮಾಸ್ತ ಏನೋ ಬರೆದುಕೊಂಡ. ಇನ್ಯಾವನೋ ಮರೆಗುಳಿ ಎಂದುಕೊಂಡೆ. ರುಮಾಲು ಕೊಟ್ಟವರ ಹೆಸರೇನೆಂದು ನಾನು ಕೇಳಿರಲೇ ಇಲ್ಲ.

ಅಷ್ಟರಲ್ಲಿ ಅದೇ ಹಿರಿಯರು ತಲೆಗೆ ಚಹದಂಗಡಿಯ ಒರಸುವ ಬಟ್ಟೆ ಸುತ್ತಿಕೊಂಡು ಏದುಸಿರು ಬಿಡುತ್ತ ಬಂದರು. ಹೆಸರು ಕೂಗಿದ್ದು ಅವರಿಗೆ ಕೇಳಿಸಿತ್ತು. ಬರಿದಲೆಯಲ್ಲಿ ಹಾಕಿಮರ ಮುಂದೆ ನಿಲ್ಲಲಾಗದೆ ಬಟ್ಟೆ ಬೇಡಲು ಓಡಿದ್ದರು. ಗುಮಾಸ್ತ ತಲೆ ಎತ್ತದೆ "ಖಾರಿಜ್" ಎಂದ. ಕೇಸು ವಜಾ ಆಗಿತ್ತು.

ಎದ್ದು ಮುನಸೀಫರ ಮುಂದೆ ಹೋಗಿ, ತಪ್ಪೆಲ್ಲ ನನ್ನದೆಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಉರ್ದುವಿನಲ್ಲಿ ಏನೋ ಕೇಳಿದರು. ಆಗ ಯಮನಪ್ಪನವರು ಕೈಮುಗಿದು, "ಸರಕಾರ್, ಇನೋಕು ಉರ್ದು ನೈ ಆತಾ", ಇವರಿಗೆ ಉರ್ದು ಬರುವುದಿಲ್ಲ, ಎಂದು ಶುರುಮಾಡಿ, ನನ್ನ ಊರು, ಓದು, ರುಮಾಲಿನ ಸಂಗತಿ ಎಲ್ಲವನ್ನೂ ಸಂತೆಯ ಉರ್ದುವಿನಲ್ಲಿ ಹೇಳಿ ಮುಗಿಸಿದರು. ಕೇಸು ಕಳೆದುಕೊಂಡವರು ಕೇಸು ಕಳೆದವನ ಪರವಾಗಿ ವಕಾಲತ್ತು ಮಾಡುತ್ತಿದ್ದರು. ಕಚೇರಿಯೆಲ್ಲ ನಕ್ಕಿತು. ನನಗೆ ನೆಲ ಬಾಯ್ಬಿಡಬಾರದೇ ಎನಿಸಿತು. ಮುನಸೀಫರೂ ನಸುನಕ್ಕು, ಇವತ್ತೇ ಅರ್ಜಿ ಕೊಟ್ಟರೆ ಕೇಸನ್ನು ಮತ್ತೆ ತೆಗೆದುಕೊಳ್ಳುವುದಾಗಿ ಹೇಳಿದರು. ಅದನ್ನೂ ಯಮನಪ್ಪನವರೇ ನನಗೆ ತಿಳಿಸಿದರು.

ಹೊರಗೆ ಅರ್ಜಿ ಬರೆಯುವವನು ಸರಸರನೆ ಒಂದು ಪುಟ ಉರ್ದು ಬರೆದ. ಸಾಕ್ಷಿಯೆಂದು ನಾನು ಬಿ.ಎ. ಸಮೇತ ಸಹಿ ಮಾಡಲು ಲೇಖಣಿ ಎತ್ತಿದೆ. ಯಮನಪ್ಪನವರು ಕೈ ಹಿಡಿದರು.

"ತಡಿ. ಅದರಾಗ ಏನೈತಿ ಓದ್ಸೂನು." ಅವನು ಓದಿದ. ಇವರ ಮುಖ ಕೆಂಪಾಯಿತು. "ನನಗ ಬ್ಯಾನಿ ಆಗಿತ್ತು ಅಂತ ಯಾಕ ಬರದಿ?"

"ಎಲ್ಲಾರ್ದೂ ಹಂಗ ಬರೀತೀನಿ. ರುಮಾಲಿನ ಕಥಿ ಯಾರು ನಂಬ್ತಾರ?"

"ನಂಬಲಿ ಬಿಡಲಿ, ಆದದ್ದು ಬರಿ. ಈ ಹುಡುಗ ಮುಂದ ವಕೀಲ ಆಗಾವ ಐತಿ. ಮದಲನೇ ಸಹಿ ಸುಳ್ಳಿಗೆ ಮಾಡಸ್ತೀ ಏನು?"

ಹೆಬ್ಬೆಟ್ಟಿನವರು ಸುಳ್ಳನ್ನು ಹಿಡಿದಿದ್ದರು, ಸಹಿಯವನು ಅದಕ್ಕೆ ಸಹಿ ಹಾಕಲು ಹೊರಟಿದ್ದ. ಹೊಸದಾಗಿ ಬರೆದ ಕಾಗದಕ್ಕೆ ಸಹಿ ಮಾಡುವಾಗಲೂ ಅದರ ಒಂದಕ್ಷರ ನನಗೆ ತಿಳಿಯಲಿಲ್ಲ. ಅಂಥ ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಕೇಸು ಮತ್ತೆ ದಫ್ತರಿಗೆ ಸೇರಿತು. ಆದರೆ ತಾರೀಖು ಸಿಕ್ಕಿದ್ದು ಒಂದು ತಿಂಗಳ ಮೇಲೆ, ಬಿತ್ತಿಗೆ ಮುಗಿದ ನಂತರ. ಯಲಬುರ್ಗಾದ ದಾರಿಯವರೆಗೂ ಅವರು ನನ್ನ ಜೊತೆ ನಡೆದು ಬಂದರು.

"ಬೀಜ ಹೆಂಗ ಒಯ್ತೀರಿ ಯಜಮಾನ್ರ?"

"ತಲಿ ಮ್ಯಾಲೆ. ಹಳ್ಳ ಬಳಸಿ ಹೋದ್ರ ಎರಡ ಮೈಲು ಹೆಚ್ಚಾಗತೈತಿ, ಆಗಲಿ."

"ನನ್ನಿಂದ ಆತ್ರಿ."

"ಆತು, ಆಗಿ ಹೋತು. ನಿನ್ನ ಓದು ಎಷ್ಟ ವರ್ಷದ್ದು?"

"ಎರಡು. ಉರ್ದು ಕಲೀಬೇಕಾದ್ರ ಮೂರು."

ಅವರು ಬೆರಳು ಮಡಚಿ ಎಣಿಸಿದರು. "ಮೂರು ವರ್ಷಕ್ಕ ನನ್ನ ಕೇಸು ಎಲ್ಲಿಗೂ ಹೋಗಂಗಿಲ್ಲ, ಇಲ್ಲೇ ಇರತೈತಿ. ನನ್ನ ಜೀವದ್ದ ಹೇಳಾಕ ಬರೂದಿಲ್ಲ. ಲಗೂ ಕಲ್ತು ಬಾ."

ದಾರಿಯಲ್ಲಿ ಸಿಕ್ಕ ಮೋಟಾರು ಹತ್ತಿ, ರಾತ್ರಿ ಯಲಬುರ್ಗಾದಲ್ಲಿ ಮಠದ ಕಟ್ಟೆಯ ಮೇಲೆ ಮಲಗಿ, ಐದನೆಯ ದಿನ ಬಾಡಿಗೆ ಬಂಡಿಯಲ್ಲಿ ಕುಕನೂರು ಸೇರಿದೆ. ಮೋಡ ಕಟ್ಟಿತ್ತು, ಹನಿ ಬಿದ್ದಿರಲಿಲ್ಲ. ಮಾವ ಅಂಗಡಿಯಲ್ಲೇ ಇದ್ದರು.

"ಯಾವ ಕಾಲೇಜಪಾ?"

"ಹೈದರಾಬಾದ್ರಿ."

"ನಿನಗ ಅಲಿಫ್ ಬೇ ಸುದ್ದಾ ಬರೂದಿಲ್ಲ!"

"ಕಲೀತೀನ್ರಿ. ಒಂದು ವರ್ಷ ಹೆಚ್ಚು ಹಿಡೀತೈತಿ."

ಮಾವ ನನ್ನನ್ನೇ ದಿಟ್ಟಿಸಿದರು. "ಮೂವರಾಗ ಯಾವ ವಕೀಲರು ಹೇಳಿದ್ರು?"

"ವಕೀಲರಲ್ರಿ. ನನ್ನ ಕಕ್ಷಿದಾರರು ಹೇಳಿದ್ರು."

"ಲಾ ಕಾಲೇಜಿನ ಮೆಟ್ಟಲ ಹತ್ತಿಲ್ಲ, ನಿನಗೆಲ್ಲಿ ಕಕ್ಷಿದಾರರೋ?"

"ಕುಷ್ಟಗಿ ಕಡೆ ಅದಾರ್ರಿ" ಎಂದೆ. "ಅವರ ಕೇಸು ಒಂದು ಆಗಲೇ ಕೆಡಿಸಿ ಬಂದೀನಿ."