ದಾರಿ ತಪ್ಪಿಸುವ ನಾಗೇಶಗೌಡರು
ಬಣಕಲ್ ಕಡೆಯ ಕಾಫಿ ಬೆಳೆಗಾರ ನಾಗೇಶಗೌಡರು ವರ್ಷಕ್ಕೊಮ್ಮೆ ಗೆಳೆಯರ ದಂಡು ಕಟ್ಟಿಕೊಂಡು ಗುಡ್ಡ ಸುತ್ತಲು ಹೊರಟರೆಂದರೆ ದಾರಿ ತಪ್ಪುವುದು ಗ್ಯಾರಂಟಿ. ಸುಡುಬಿಸಿಲಲ್ಲೂ ಮಂಗನ ಟೋಪಿ, ಕಾಲಿಗೆ ಗಮ್‌ಬೂಟು, ಮೂಗಿನ ನೇರಕ್ಕೆ ನಡೆದದ್ದೇ ಹಾದಿ. ಎದುರಿಗೆ ಹಳ್ಳ ಸಿಕ್ಕರೆ, "ಹೋದ ಸಲ ನೀನು ಇಲ್ಲಿರ್ಲಿಲ್ಲ ಮಾರಾಯ!" ಎಂದು ಹಳ್ಳವನ್ನೇ ಗದರುತ್ತಾರೆ. ಇನ್ನೆಷ್ಟು ದೂರ ಎಂದವರಿಗೆಲ್ಲ ಒಂದೇ ಉತ್ತರ: "ಆ ದಿಬ್ಬ ಇಳಿದ್ರೆ ಬಂತು!" ದಿಬ್ಬ ಇಳಿದರೆ ಮತ್ತೊಂದು ದಿಬ್ಬ. ಕಾಲು ಸೋತ ದಂಡು ಇನ್ನೇನು ಬೈಯಬೇಕು, ಅಷ್ಟರಲ್ಲಿ ಡೋಲಿನ ಸದ್ದು. ಪ್ರತಿ ವರ್ಷವೂ ಅದೇ ಊರು, ಅದೇ ಸುಗ್ಗಿ ಹಬ್ಬ. "ಅಯ್ಯೋ, ಇಲ್ಲಿಗೆ ಬಂದ್ಬಿಟ್ವಾ!" ಎಂದು ಎಲ್ಲರಿಗಿಂತ ಜೋರಾಗಿ ಬೆರಗಾಗುವವರೂ ಗೌಡರೇ. ಬೂಟು ಕಳಚಿ ಕುಣಿತದವರ ನಡುವೆ ನುಗ್ಗಿ, ಸಿಕ್ಕಸಿಕ್ಕವರ ಕಾಲು ತುಳಿದು ಕುಣಿಯುತ್ತಾರೆ. ಸುಗ್ಗಿಯ ದಿನ ಊರಿಗೆ ಬಂದವರನ್ನು ಉಣಿಸದೆ ಕಳಿಸುವಂತಿಲ್ಲವಲ್ಲ, ಆಮೇಲೆ ಊರವರು ದಂಡನ್ನೆಲ್ಲ ಊರಿನ ಮೊದಲ ಮನೆಯ ಪಂಕ್ತಿಗೇ ಕೂರಿಸುತ್ತಾರೆ. ಅದು ತೋಟ ಪಾಲಾದಾಗಿನಿಂದ ಗೌಡರೊಡನೆ ಮಾತು ಬಿಟ್ಟಿರುವ ಅಕ್ಕ ಪದ್ದಮ್ಮನ ಮನೆ. ಈ ಸಲವೂ ಆಕೆಯೇ ಬಡಿಸುತ್ತ ಬಂದರು. ತಮ್ಮನ ಎಲೆಗೆ ಎರಡು ಕಡುಬು ಹೆಚ್ಚಿಗೆ ಹಾಕಿ, ಪಕ್ಕದಲ್ಲಿ ಕೂತವರಿಗೆ ಹೇಳಿದರು: "ಅವ್ನಿಗೆ ಹೇಳಿ, ಬರೋ ವರ್ಷ ಸ್ವಲ್ಪ ಬೇಗ ದಾರಿ ತಪ್ಲಿ. ಕಡುಬು ಆರಿಹೋಗುತ್ತೆ."