ವಿಮಾನದ ಸೀಟಿಗೆ ಹಾಕಿದ ಟವೆಲ್

ಕಳೆದ ಸೋಮವಾರ ಸಂಜೆ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಭದ್ರಾವತಿ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ಇನ್ನೂ ಸರಿಯಾಗಿ ನಿಂತಿರಲಿಲ್ಲ, ಪಕ್ಕದಲ್ಲಿದ್ದವರೊಬ್ಬರು ಹೆಗಲ ಮೇಲಿನ ಟವೆಲ್ ತೆಗೆದು ಕಿಟಕಿಯೊಳಗೆ ಎಸೆದರು. ನೀಲಿ ಚೌಕಳಿಯ ಟವೆಲ್. ನನ್ನ ಮುಖದ ಹತ್ತಿರವೇ ಹಾದುಹೋಯಿತು. ಬೆವರು, ಗ್ರೀಸು, ಬಟ್ಟೆ ಸೋಪು ಮೂರೂ ಕಲೆತ ವಾಸನೆ. ನಾನು ನಿಂತೇಬಿಟ್ಟೆ. ಹಿಂದಿನಿಂದ ಯಾರೋ, "ಹತ್ತೀರೋ, ದಾರಿ ಬಿಡ್ತೀರೋ ಮೇಡಂ?" ಎಂದು ಗದರಿದಾಗಲೇ ಎಚ್ಚರವಾದದ್ದು.

ಆ ವಾಸನೆ ನಮ್ಮ ಕ್ರೇನ್ ಮಾವನದು.

ಭದ್ರಾವತಿಯ ಜನ್ನಾಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದರು. ಶೆಡ್ಡಿನ ಸೂರಿನಡಿ ಹಳಿಗಳ ಮೇಲೆ ಓಡಾಡುವ ಕ್ರೇನು. ಅದಕ್ಕೆ ನೇತುಬಿದ್ದಂತಿರುವ ಪುಟ್ಟ ಕ್ಯಾಬಿನ್ನಿನಲ್ಲಿ ಕೂತು, ಎರಡೂ ಪಕ್ಕದ ಗೇರ್ ಹಿಡಿದು, ಕೆಳಗೆ ನಿಂತವನ ಕೈಸನ್ನೆ ನೋಡುತ್ತಾ ಕಬ್ಬಿಣ ಎತ್ತಿ ಇಳಿಸುವುದು ಅವರ ಕೆಲಸ. ಸಂಬಂಧದಲ್ಲಿ ಮಾವ ಅಲ್ಲ, ಬೀದಿಗೆಲ್ಲ ಮಾವ.

ನಮ್ಮಪ್ಪ ಗಾರೆ ಕೆಲಸದವರು. ಅಮ್ಮ ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದರು. ಎರಡೂ ಕಡೆಯ ಬಳಗದಲ್ಲಿ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಪುಕ್ಕಟೆ ಬಂದದ್ದಲ್ಲ ಅದು. ಕಾಲೇಜು ಶಿವಮೊಗ್ಗದಲ್ಲಿ. ಜನ್ನಾಪುರದಿಂದ ಸಿಟಿ ಬಸ್ಸಿನಲ್ಲಿ ಭದ್ರಾವತಿ ನಿಲ್ದಾಣಕ್ಕೆ ಬಂದು ಅಲ್ಲಿ ಬಸ್ಸು ಬದಲಿಸಬೇಕು. ಅಷ್ಟರಲ್ಲಿ ಸೀಟೆಲ್ಲ ಭರ್ತಿ. ಮಾವನಿಗೆ ರಾತ್ರಿ ಪಾಳಿ ಇದ್ದ ವಾರಗಳಲ್ಲಿ ಮಾತ್ರ ನನಗೆ ರಾಜಯೋಗ. ಪಾಳಿ ಮುಗಿಸಿ ನಿಲ್ದಾಣದಲ್ಲಿ ಚಹಾ ಕುಡಿಯುತ್ತಾ ನಿಂತಿರುತ್ತಿದ್ದರು. ಶಿವಮೊಗ್ಗದ ಬಸ್ಸು ಬಂದೊಡನೆ ಕಿಟಕಿಯಿಂದ ಟವೆಲ್ ಒಳಗೆ. ಟವೆಲ್ ಬಿದ್ದ ಸೀಟನ್ನು ಯಾರೂ ಮುಟ್ಟುವಂತಿಲ್ಲ, ಹಾಕಿದವರೇ ಬಂದು ಎತ್ತಬೇಕು. ಬೇರೆಯವರು ಸರಿಸಿ ಕೂತರೆ ಜಗಳವೇ. ನಾನು ಓಡಿ ಬರುವಷ್ಟರಲ್ಲಿ ಮಾವ ಒಳಗೆ ನಿಂತಿರುತ್ತಿದ್ದರು. ಟವೆಲ್ ಎತ್ತಿ, ಎರಡು ಸಲ ಕೊಡವಿ, ಹೆಗಲಿಗೆ ಹಾಕಿಕೊಂಡು, "ಕೂತ್ಕೋ ಡಿಗ್ರಿ" ಅನ್ನುತ್ತಿದ್ದರು. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದೇ ನೆನಪಿಲ್ಲ...

ಸಂಜೆ ನಾನು ಜನ್ನಾಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಟೈಪಿಂಗು, ಜೆರಾಕ್ಸು, ಪಾಸ್‌ಪೋರ್ಟ್ ಫೋಟೊ. ಬನಿಯನ್ನಿನಲ್ಲಿ ಬಂದವರಿಗೂ ಕಂಪ್ಯೂಟರಿನಲ್ಲೇ ಕೋಟು, ಟೈ ತೊಡಿಸಿ ಕಳಿಸುವುದನ್ನು ಕಲಿತಿದ್ದೆ. ಆ ಕಂಪ್ಯೂಟರಿನಲ್ಲಿ ಅಂಗಡಿಯ ಯಜಮಾನರು ಒಂದು ವಿಮಾನದ ಆಟ ಹಾಕಿಕೊಂಡಿದ್ದರು. ಫ್ಲೈಟ್ ಸಿಮ್ಯುಲೇಟರ್. ತೆರೆದರೆ ಪರದೆ ತುಂಬ ಕಾಕ್‌ಪಿಟ್ಟು: ಗಾಜು, ಮುಳ್ಳು ತಿರುಗುವ ಡಯಲುಗಳು, ಎರಡು ಖಾಲಿ ಸೀಟು. ಒಂದು ಭಾನುವಾರ ಯಾವುದೋ ಅರ್ಜಿಗೆ ಫೋಟೊ ತೆಗೆಸಲು ಬಂದ ಮಾವ ಅದನ್ನು ನೋಡಿದರು. ಅರ್ಜಿ ಮರೆತೇಹೋಯಿತು. ಆಮೇಲೆ ಬಿಡುವಿದ್ದ ಭಾನುವಾರವೆಲ್ಲ ಅಲ್ಲೇ. ಮೇಲೇರಿಸುವಾಗ ಸುಮ್ಮನಿರುತ್ತಿದ್ದವರು, ವಿಮಾನ ಇಳಿಸುವಾಗ ಮಾತ್ರ ಉಸಿರು ಬಿಗಿಹಿಡಿಯುತ್ತಿದ್ದರು. ಧಡ್ ಎಂದು ಬಿದ್ದರೆ, "ಥೂ! ನಮ್ ಶೆಡ್ಡಲ್ಲಾಗಿದ್ರೆ ಮೆಮೊ ಕೊಡ್ತಿದ್ರು" ಎನ್ನುತ್ತಿದ್ದರು.

ಅತ್ತೆ, ಅಂದರೆ ಅವರ ಹೆಂಡತಿ, ಒಮ್ಮೆ ಹುಡುಕಿಕೊಂಡು ಬಂದು ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತರು. "ವಾರವೆಲ್ಲ ಮೇಲೇ ಇರ್ತಾರೆ, ರಜಾದಿನವೂ ಇವ್ರಿಗೆ ಮೇಲೇ ಹೋಗ್ಬೇಕಂತೆ ಮಾರಾಯ್ತಿ. ನೆಲದ ಮೇಲೆ ನಾನೊಬ್ಳಿದೀನಿ ಅಂತ ನೆನಪಿದ್ಯಾ ಕೇಳು."

"ನಿನ್ ಕೈಸನ್ನೆ ನೋಡ್ಕೊಂಡೇ ಕಣೇ ನಾನ್ ಇಳಿಯೋದು" ಎಂದರು ಮಾವ. ಅತ್ತೆ ನಕ್ಕು ಹೋದರು.

ಅವತ್ತೇ ಮಾವ ಕೇಳಿದ್ದು: "ಡಿಗ್ರಿ, ಊರೋರಿಗೆಲ್ಲ ಕೋಟು ಹಾಕ್ತೀಯ. ನನ್ನನ್ನ ಇದ್ರೊಳಗೆ ಕೂರ್ಸೋಕಾಗಲ್ವಾ?"

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಫೋಟೊ ತೆಗೆಯಲು ಹೊರಟೆ. ಎರಡೂ ಕೈ ಪಕ್ಕಕ್ಕೆ ಚಾಚಿ, ಕತ್ತು ಬಗ್ಗಿಸಿ ಕೆಳಗೆ ನೋಡುತ್ತಾ ಕೂತರು.

"ಮುಂದೆ ನೋಡಿ ಮಾವ. ವಿಮಾನದ ಸ್ಟೇರಿಂಗ್ ಎದುರುಗಡೆ ಇರತ್ತೆ."

"ಎದುರುಗಡೆ ಏನಿದೆ ಮಣ್ಣು? ಆಕಾಶ. ಕೆಳಗೆ ಜನ ಇರೋದು."

ಎಷ್ಟು ಹೇಳಿದರೂ ಕೈ ಮುಂದೆ ಬರಲಿಲ್ಲ, ಕಣ್ಣು ಮೇಲೇಳಲಿಲ್ಲ. ಆಯಿತೆಂದು ಹಾಗೇ ಕತ್ತರಿಸಿ ಕಾಕ್‌ಪಿಟ್ಟಿನ ಎಡಸೀಟಿನಲ್ಲಿ ಕೂರಿಸಿದೆ. ಪ್ರಪಂಚದಲ್ಲಿ ಗೇರ್ ಇಲ್ಲದ ಕಡೆ ಗೇರ್ ಹಿಡಿದು, ರನ್‌ವೇ ಬಿಟ್ಟು ನೆಲ ನೋಡುತ್ತಾ ವಿಮಾನ ಓಡಿಸಿದ ಪೈಲಟ್ ಅವರೊಬ್ಬರೇ ಇರಬೇಕು. ಮುಖದಲ್ಲಿ ಸಣ್ಣ ನಗು.

ಪಕ್ಕದ ಸೀಟು ಖಾಲಿ ಉಳಿಯಿತಲ್ಲ, ಅಲ್ಲಿ ನಾನು ಕೂರಲೇ ಎಂದೆ.

"ಈಗ ಬೇಡ. ಡಿಗ್ರಿ ಮುಗ್ಸಿ, ಆ ಕರೀ ಗೌನ್ ಹಾಕ್ಕೊಂಡು ಫೋಟೊ ತೆಗೆಸ್ಕೊಂಡ್ ಬಾ. ಅದನ್ನೇ ಕೂರ್ಸು." ಹೆಗಲಿನ ಟವೆಲ್ ತೆಗೆದು ಕುರ್ಚಿಯ ಮೇಲೆ ಹರಡಿದರು. "ಅಲ್ಲೀತನಕ ಇದು ಇರ್ಲಿ. ಆ ದಿನ ನಾನೇ ಹೇಳ್ತೀನಿ, ತೆಗಿ ಅಂತ."

ತಮಾಷೆಯೆಂದುಕೊಂಡೆ. ಅವರು ನಗುತ್ತಿರಲಿಲ್ಲ. ಟವೆಲ್ಲಿನ ಫೋಟೊ ತೆಗೆದು ಬಲಸೀಟಿಗೆ ಹಾಕಿದೆ. ಪ್ರಿಂಟನ್ನು ಮಾವ ಫ್ರೇಮು ಹಾಕಿಸಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದರು. ಬಂದವರಿಗೆಲ್ಲ, "ಅದು ನಮ್ ಡಿಗ್ರಿ ಸೀಟು" ಎಂದು ಟವೆಲ್ಲನ್ನು ತೋರಿಸುತ್ತಿದ್ದರು. ಅಪ್ಪ ಅದರ ಮುಂದೆ ಸುಮಾರು ಹೊತ್ತು ನಿಂತಿದ್ದದ್ದನ್ನು ನೋಡಿದ್ದೇನೆ.

ಕೊನೆಯ ವರ್ಷ ಗಣಿತದ ಒಂದು ಪೇಪರು ಉಳಿದುಕೊಂಡಿತು. ನನ್ನ ಜೊತೆಯವರು ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಗೌನ್ ಹಾಕಿ ಘಟಿಕೋತ್ಸವಕ್ಕೆ ಹೋದ ದಿನ ನಾನು ಡಿಟಿಪಿ ಅಂಗಡಿಯಲ್ಲಿ ಯಾರದೋ ಮದುವೆ ಕಾರ್ಡು ಟೈಪ್ ಮಾಡುತ್ತಿದ್ದೆ. ಮಾವ ಬಂದು ಪಕ್ಕದಲ್ಲಿ ಕೂತರು. "ಲೋಡು ಒಂದೊಂದ್ಸಲ ಅರ್ಧದಲ್ಲಿ ನಿಲ್ಲತ್ತೆ. ಕೈ ಬಿಟ್ಟು ಇಳಿದು ಬರ್ತೀವಾ? ಕೂತಿರ್ತೀವಿ" ಎಂದರು. ಮತ್ತೆ ಬರೆದೆ, ಪಾಸಾದೆ. ಫಲಿತಾಂಶ ಬಂದ ದಿನ ಟವೆಲ್ ತೆಗೆಯಲೇ ಎಂದು ಓಡಿದೆ. "ಗೌನೆಲ್ಲಿ?" ಎಂದು ಕೇಳಿದರು.

ಗೌನು ಬರುವ ಮೊದಲು ಅವರ ಎದೆಬಡಿತ ನಿಂತಿತು. ಪಾಳಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದರಂತೆ...

ಬೀದಿಯ ಹುಡುಗರು ಶ್ರದ್ಧಾಂಜಲಿ ಫ್ಲೆಕ್ಸಿಗೆ ಫೋಟೊ ಕೇಳಿದರು. ಅತ್ತೆ, "ವಿಮಾನದ್ದೇ ಇರ್ಲಿ, ಅದೊಂದ್ರಲ್ಲೇ ನಗ್ತಿದಾರೆ" ಎಂದರು. ಕಾಕ್‌ಪಿಟ್ಟಿನಲ್ಲಿ ಕೂರಿಸಿದ ಕೈಯಿಂದಲೇ ಅವರ ಮುಖವನ್ನು ಕತ್ತರಿಸಿ ಹೊರಗೆ ತೆಗೆದೆ. ಹೂವಿನ ಚೌಕಟ್ಟು ಹಾಕಿ, ಅಕ್ಷರ ಜೋಡಿಸಿ ಕೊಟ್ಟೆ. ಬೀದಿ ಕೊನೆಯಲ್ಲಿ ಕಟ್ಟಿದ ಫ್ಲೆಕ್ಸಿನಿಂದ ಮಾವ ಎಂದಿನಂತೆ ಕೆಳಗೆ, ನಮ್ಮನ್ನೇ ನೋಡುತ್ತಿದ್ದರು.

ಮುಂದಿನ ಘಟಿಕೋತ್ಸವದಲ್ಲಿ ಗೌನ್ ಹಾಕಿದೆ. ಅಪ್ಪ ಅಮ್ಮನ ನಡುವೆ ನಿಂತು ತೆಗೆಸಿಕೊಂಡ ಫೋಟೊ ಈಗಲೂ ನನ್ನ ಮೊಬೈಲಿನಲ್ಲಿದೆ. ಅದರಲ್ಲಿ ನಾನು ಎದೆ ಸೆಟೆದು ನಿಂತಿದ್ದೇನೆ, ನಿಲ್ಲಬೇಕಾದದ್ದೇ. ಆದರೂ ಆ ಒಂದು ಪೇಪರು ಉಳಿಯದೇ ಹೋಗಿದ್ದರೆ, ಒಂದು ವರ್ಷ ಮೊದಲೇ... ಇಷ್ಟು ವರ್ಷವಾದರೂ ಈ ಲೆಕ್ಕ ನನ್ನಲ್ಲಿ ಮುಗಿದಿಲ್ಲ.

ಬಸ್ಸಿನಲ್ಲಿ ಟವೆಲ್ ಕಂಡ ಆ ರಾತ್ರಿ ಮಾವನ ವಿಮಾನದ ಚಿತ್ರ ತುಂಬಿಸಿಟ್ಟಿದ್ದ ಹಳೆಯ ಸಿಡಿ ಹುಡುಕಿ, ಅದನ್ನು ಮೊಬೈಲಿಗೆ ಹಾಕಿಕೊಂಡೆ. ಮರುದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಪಕ್ಕದ ಟೇಬಲಿನ ಹುಡುಗಿಗೆ ತೋರಿಸಿದೆ.

"ಈಗ ಇದೆಲ್ಲ ಒಂದು ನಿಮಿಷದ ಕೆಲ್ಸ ಅಕ್ಕ. ತೆಗೀಲಾ ಟವೆಲ್ಲು?" ಎಂದು ಬೆರಳಾಡಿಸಿದಳು. ಟವೆಲ್ ಮಾಯವಾಯಿತು, ಅಡಿಯಲ್ಲಿದ್ದ ಸೀಟನ್ನು ಮೊಬೈಲು ತಾನೇ ಊಹಿಸಿ ತುಂಬಿತು. ಘಟಿಕೋತ್ಸವದ ಫೋಟೊದಿಂದ ನನ್ನನ್ನು ಎತ್ತಿ ಕೂರಿಸಿಯೂ ಬಿಟ್ಟಳು. ಎಲ್ಲೂ ಅಂಟಿಸಿದ ಗುರುತಿಲ್ಲ. ನನ್ನ ಕೆಲಸಕ್ಕಿಂತ ಎಷ್ಟೋ ಚೊಕ್ಕ. ಮಾವನ ಪಕ್ಕದಲ್ಲಿ ಗೌನ್ ತೊಟ್ಟ ನಾನು.

ಬಹಳ ಹೊತ್ತು ನೋಡಿದೆ.

"ಚೆನ್ನಾಗಿದೆ ಕಣೆ. ಆದ್ರೆ ಮೊದ್ಲಿದ್ದ ಹಾಗೇ ಮಾಡ್ಬಿಡು" ಎಂದೆ.

"ಅಯ್ಯೋ, ಯಾಕಕ್ಕಾ?"

"ಹಾಕಿದವರು ಇನ್ನೂ ಎತ್ತಿಲ್ಲ."

ಅವಳಿಗೆ ಅರ್ಥವಾಯಿತೋ ಇಲ್ಲವೋ, ಮಾಡಿದ್ದನ್ನು ಅಳಿಸುವ ಹಿಂದಿನ ಬಾಣ ಒತ್ತಿದಳು. ಮೊದಲು ನಾನು ಹೋದೆ, ಗೌನ್ ಸಮೇತ. ಖಾಲಿ ಸೀಟು ಕಂಡಿತು. ಮತ್ತೆ ಒತ್ತಿದಳು, ಟವೆಲ್ ಬಂದು ತನ್ನ ಜಾಗದಲ್ಲಿ ಕೂತಿತು. ಮಾವ ಮಾತ್ರ ಅಲ್ಲಾಡಲಿಲ್ಲ. ಎರಡೂ ಕೈ ಪಕ್ಕಕ್ಕೆ ಚಾಚಿ, ಸಣ್ಣಗೆ ನಗುತ್ತಾ, ಕೆಳಗೆ ಯಾರದೋ ಸನ್ನೆಗೆ ಕಾಯುತ್ತಿದ್ದರು.